ಮಕ್ಕಳ ಸೈನಸ್ ರೋಗದ ವಿಷಮ ಪರಿಣಾಮಗಳು: ರೋಣ, ನರಗುಂದ, ಗಜೇಂದ್ರಗಡ ಪ್ರದೇಶವನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

೧

ನೆಗಡಿಯಂಥ ರೋಗವಿಲ್ಲ ಎಂಬ ಗಾದೆ ಕನ್ನಡನಾಡಿನಲ್ಲೆಲ್ಲ ಪ್ರಚಲಿತವಾಗಿರುವುದು ಸರ್ವವಿದಿತ. ಮದ್ದು ಮಾಡಿದರೆ ಒಂದು ವಾರ, ಮಾಡದಿದ್ದರೆ ಏಳು ದಿನ ಎಂಬುದು ಅದರ ಜೊತೆಗೆ ಕೇಳಿಬರುವ ಇನ್ನೊಂದು ಮಾತು. ಮೊದಲನೆಯದು ನೆಗಡಿಯ ಕಿರುಕುಳವನ್ನೂ ಎರಡನೆಯದು ಅದರ ನಿರಪಾಯತೆಯನ್ನೂ ಸೂಚಿಸುತ್ತವೆ. ಈ ಎರಡು ಮಾತುಗಳೂ ಬಹುಮಟ್ಟಿಗೆ ಸತ್ಯವಾದವು. ಚಿಕ್ಕ ಮಗುವಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಸಹಜ. ಅವುಗಳಲ್ಲಿ ಬಹುಪಾಲು ತಾವಾಗಿಯೇ ಶಮನವಾಗುತ್ತವೆ. ಆದರೆ ನೂರು ನೆಗಡಿಗಳಲ್ಲಿ ಐದರಿಂದ ಹತ್ತರಷ್ಟು ಮುಂದುವರಿದು ಸೈನಸ್ಸುಗಳ ಸೋಂಕಾಗಿ ಪರಿಣಮಿಸುವುವು. ಅವುಗಳಲ್ಲಿಯೂ ಅತ್ಯಲ್ಪ ಸಂಖ್ಯೆಯವು ಕಣ್ಣಿನ ಗೂಡಿಗೋ ಮಿದುಳಿನ ಹೊದಿಕೆಗೋ ತಗುಲಿ, ಕೆಲವೇ ದಿನಗಳಲ್ಲಿ ಮಗುವಿನ ದೃಷ್ಟಿಯನ್ನು, ಒಮ್ಮೊಮ್ಮೆ ಪ್ರಾಣವನ್ನೇ ಅಪಹರಿಸಬಲ್ಲವು. ಈ ಅತ್ಯಲ್ಪ ಸಂಖ್ಯೆಯ ಪ್ರಸಂಗಗಳೇ ಪ್ರಕೃತ ಲೇಖನದ ವಿಷಯ.

ನಾವು ವೈದ್ಯರಲ್ಲ, ಇತಿಹಾಸದ ಅಧ್ಯಾಪಕರು. ಹಾಗಿದ್ದೂ ಈ ವಿಷಯವನ್ನು ಎತ್ತಿಕೊಳ್ಳಲು ಎರಡು ಕಾರಣಗಳಿವೆ. ಈ ರೋಗದ ಅರಿವು ಬೆಳೆದುಬಂದ ಬಗೆಯು ಸ್ವತಃ ಒಂದು ಸ್ವಾರಸ್ಯಕರವಾದ ಇತಿಹಾಸವೆಂಬುದು ಮೊದಲನೆಯದು. ನಮ್ಮ ಭಾಗದ, ಎಂದರೆ ಇಂದಿನ ಗದಗ ಜಿಲ್ಲೆಯ ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲೂಕುಗಳ ಹಳೆಯ ದಾಖಲೆಗಳಲ್ಲಿ ಈ ರೋಗದ ಹೆಸರೇ ಕಾಣದಿರುವುದು ಎರಡನೆಯದು. ಹೆಸರಿಲ್ಲದ ಮಾತ್ರಕ್ಕೆ ರೋಗವಿರಲಿಲ್ಲವೆಂದು ತಿಳಿಯಲಾಗದು. ಅದು ಏಕೆ ಕಾಣದೆ ಹೋಯಿತು, ಇಂದಿಗೂ ಅದು ಏಕೆ ತಡವಾಗಿ ಕಣ್ಣಿಗೆ ಬೀಳುತ್ತದೆ ಎಂಬುದನ್ನು ವಿವೇಚಿಸುವುದು ನಮ್ಮ ಉದ್ದೇಶ.

೨

ಮೊದಲು ಶರೀರರಚನೆಯನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. ಮೂಗಿನ ಸುತ್ತಲಿನ ಎಲುಬುಗಳಲ್ಲಿ ಗಾಳಿ ತುಂಬಿದ ಪೊಳ್ಳುಗೂಡುಗಳಿವೆ. ಇವನ್ನೇ ಸೈನಸ್ಸುಗಳೆಂದು ಕರೆಯುವರು. ಕೆನ್ನೆಯ ಎಲುಬಿನಲ್ಲಿರುವುದು ಮ್ಯಾಕ್ಸಿಲರಿ, ಎರಡು ಕಣ್ಣುಗಳ ನಡುವೆ ಜೇನುಹುಟ್ಟಿನಂತೆ ಹಲವು ಕೋಶಗಳಾಗಿರುವುದು ಎಥ್ಮಾಯ್ಡ್, ಹಣೆಯಲ್ಲಿರುವುದು ಫ್ರಾಂಟಲ್, ತಲೆಬುರುಡೆಯ ಆಳದಲ್ಲಿರುವುದು ಸ್ಫೀನಾಯ್ಡ್. ಈ ಗೂಡುಗಳೆಲ್ಲವೂ ಇಕ್ಕಟ್ಟಾದ ದ್ವಾರಗಳ ಮೂಲಕ ಮೂಗಿನೊಳಕ್ಕೆ ತೆರೆದಿವೆ. ನೆಗಡಿಯಿಂದ ಒಳಪೊರೆ ಊದಿಕೊಂಡಾಗ ದ್ವಾರ ಮುಚ್ಚಿಹೋಗುತ್ತದೆ. ಒಳಗಿನ ಸಿಂಬಳ ಹೊರಬರಲಾರದೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಪಾಚಿ ಬೆಳೆಯುವಂತೆ ಅದರಲ್ಲಿ ರೋಗಾಣುಗಳು ಬೆಳೆದು ಕೀವಾಗುತ್ತದೆ.

ಈ ಗೂಡುಗಳು ಹುಟ್ಟಿನಿಂದಲೇ ಪೂರ್ಣವಾಗಿರುವುದಿಲ್ಲವೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಎಥ್ಮಾಯ್ಡ್ ಮತ್ತು ಮ್ಯಾಕ್ಸಿಲರಿ ಸೈನಸ್ಸುಗಳು ಶಿಶುವಿನಲ್ಲಿಯೇ ಇರುತ್ತವೆ. ಸ್ಫೀನಾಯ್ಡ್ ಸುಮಾರು ಐದನೆಯ ವಯಸ್ಸಿನಲ್ಲಿ ಗಾಳಿಗೂಡಾಗುತ್ತದೆ. ಹಣೆಯ ಫ್ರಾಂಟಲ್ ಏಳೆಂಟನೆಯ ವಯಸ್ಸಿನಲ್ಲಿ ಕಾಣಿಸಿಕೊಂಡು, ಹದಿಹರೆಯ ಮುಗಿಯುವವರೆಗೂ ಬೆಳೆಯುತ್ತಲೇ ಇರುತ್ತದೆ. ರೋಗವು ಹಿಡಿಯುವ ಹಾದಿಯನ್ನು ಈ ಕಾಲಕ್ರಮವೇ ನಿರ್ಧರಿಸುವುದು.

ಎಥ್ಮಾಯ್ಡ್ ಕೋಶಗಳಿಗೂ ಕಣ್ಣಿನ ಗೂಡಿಗೂ ನಡುವೆ ಇರುವ ಎಲುಬಿನ ಗೋಡೆ ಅತ್ಯಂತ ತೆಳುವಾದುದು. ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಕಾಗದದ ಹಾಳೆ ಎಂಬರ್ಥದ ಹೆಸರನ್ನೇ ಇಟ್ಟಿರುವರು. ಆದುದರಿಂದ ಚಿಕ್ಕ ಮಕ್ಕಳಲ್ಲಿ ಸೋಂಕು ಸಾಮಾನ್ಯವಾಗಿ ಕಣ್ಣಿನತ್ತ ಸಾಗುತ್ತದೆ. ಹಣೆಯ ಸೈನಸ್ಸಿನ ಹಿಂದಿನ ಗೋಡೆಯ ಆಚೆಗಿರುವುದು ಮಿದುಳಿನ ಹೊದಿಕೆ. ಆ ಎಲುಬಿನೊಳಗಿನ ಸಿರೆಗಳಿಗೆ ಕವಾಟಗಳಿಲ್ಲದಿರುವುದರಿಂದ ರಕ್ತವು ಎರಡು ದಿಕ್ಕಿಗೂ ಹರಿಯಬಲ್ಲದು. ಎಲುಬು ಒಡೆಯದೆಯೇ ಸೋಂಕು ಒಳಕ್ಕೆ ಪ್ರವೇಶಿಸಬಲ್ಲದು. ಹೀಗಾಗಿ ಮಿದುಳಿನ ಸಂಬಂಧವಾದ ವಿಷಮಾವಸ್ಥೆಗಳು ಹೆಚ್ಚಾಗಿ ಹದಿಹರೆಯದವರಲ್ಲಿ, ಅದರಲ್ಲಿಯೂ ಹುಡುಗರಲ್ಲಿ, ಕಂಡುಬರುತ್ತವೆ. ಈ ಸಂಚಿಕೆಯನ್ನೋದುವ ವಿದ್ಯಾರ್ಥಿಗಳಲ್ಲಿ ಕಿರಿಯರಾದವರು ಸ್ವತಃ ಆ ವಯೋಮಾನಕ್ಕೆ ಸೇರಿದವರೆಂಬುದನ್ನು ಮರೆಯಲಾಗದು.

೩

ನೆಗಡಿಯನ್ನು ಉಪೇಕ್ಷಿಸಿದರೆ ಕೇಡು ಮೂಗಿನಲ್ಲಿಯೇ ನಿಲ್ಲದೆಂಬ ಅರಿವು ಹೊಸದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಪ್ರತಿಶ್ಯಾಯಕ್ಕೆಂದೇ ಒಂದು ಅಧ್ಯಾಯವಿದೆ. ಚಿಕಿತ್ಸೆಯಿಲ್ಲದೆ ಬೆಳೆದ ಪೀನಸವು ಕಿವುಡು, ಕುರುಡು, ಘ್ರಾಣನಾಶ, ಘೋರವಾದ ನೇತ್ರರೋಗ ಹಾಗೂ ಊತಗಳನ್ನು ಉಂಟುಮಾಡುವುದೆಂಬ ಅಭಿಪ್ರಾಯ ಅಲ್ಲಿ ವ್ಯಕ್ತವಾಗಿದೆ. ಮೂಗಿಗೂ ಕಣ್ಣಿಗೂ ಇರುವ ನಂಟನ್ನು ಪ್ರಾಚೀನರು ನೋಡಿ ತಿಳಿದಿದ್ದರು; ಆದರೆ ರೋಗವು ಯಾವ ಮಾರ್ಗದಿಂದ ಸಾಗುವುದೆಂಬುದನ್ನು ಅರಿಯುವ ಸಾಧನ ಅವರಿಗಿರಲಿಲ್ಲ.

ಕನ್ನಡದಲ್ಲಿಯೂ ವೈದ್ಯಗ್ರಂಥಗಳ ಪರಂಪರೆ ದೀರ್ಘವಾದುದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಗಜೇಂದ್ರಗಡಕ್ಕೆ ಸಮೀಪದ ಸೂಡಿಯು ಅಕ್ಕಾದೇವಿಯ ಆಳ್ವಿಕೆಯಿಂದ ಪ್ರಸಿದ್ಧವಾಗಿದ್ದ ಶತಮಾನದ ತರುವಾಯ, ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಕ್ರಿ.ಶ. ೧೨೦೦ರ ಸುಮಾರಿನ ದೇವೇಂದ್ರಮುನಿಯ ಕೃತಿಯ ಹೆಸರು ಬಾಲಗ್ರಹಚಿಕಿತ್ಸೆ. ಹೆಸರೇ ಸೂಚಿಸುವಂತೆ, ಮಕ್ಕಳಿಗೆ ಒಮ್ಮಿಂದೊಮ್ಮೆಗೆ ಬರುವ ಜ್ವರ, ಸೆಳವು, ಪ್ರಜ್ಞಾಹೀನತೆಗಳನ್ನು ಗ್ರಹಬಾಧೆಯೆಂದು ಭಾವಿಸುವುದು ಅಂದಿನ ಕ್ರಮವಾಗಿದ್ದಿತು. ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಅಲ್ಲಿ ದೀನರಿಗೂ ರೋಗಿಗಳಿಗೂ ಔಷಧೋಪಚಾರ ನಡೆಯುತ್ತಿದ್ದುದನ್ನು ಹೇಳುತ್ತದೆ. ಕರುಣೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ತಲೆಬುರುಡೆಯ ಒಳಗನ್ನು ಕಾಣುವ ಉಪಾಯಕ್ಕೆ.

ಯುರೋಪಿನಲ್ಲಿಯೂ ಈ ಉಪಾಯ ನಿಧಾನವಾಗಿಯೇ ಒದಗಿತು. ೧೬೫೧ರಲ್ಲಿ ಇಂಗ್ಲೆಂಡಿನ ನಥಾನಿಯಲ್ ಹೈಮೋರ್ ಕೆನ್ನೆಯ ಸೈನಸ್ಸನ್ನು ವಿವರವಾಗಿ ವರ್ಣಿಸಿದನು. ೧೭೬೦ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಾಲ್ ಪಾಟ್, ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ ಮೆತ್ತನೆಯ ಊತವು ಅಡಿಯಲ್ಲಿನ ಎಲುಬು ಕೆಟ್ಟಿರುವುದರ ಮತ್ತು ಬುರುಡೆಯೊಳಗೆ ಕೀವುಗಟ್ಟಿರುವುದರ ಚಿಹ್ನೆಯೆಂದು ತೋರಿಸಿಕೊಟ್ಟನು. ಅಂಥದೇ ಊತ ಹಣೆಯ ಸೈನಸ್ಸಿನ ಸೋಂಕಿನಿಂದಲೂ ಉಂಟಾಗುವುದೆಂದು ಮುಂದೆ ತಿಳಿಯಿತು. ಇಂದಿಗೂ ಅದು ಪಾಟನ ಹೆಸರಿನಿಂದಲೇ ಪ್ರಸಿದ್ಧವಾಗಿದ್ದು, ಹೆಚ್ಚಾಗಿ ಹದಿಹರೆಯದವರಲ್ಲಿ ಕಾಣುವುದು.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಿಲಿಯಂ ಮ್ಯಾಕ್ಯೂವನ್ನನ ಪ್ರಸಂಗ ಇನ್ನಷ್ಟು ಬೋಧಪ್ರದವಾಗಿದೆ. ೧೮೭೬ರಲ್ಲಿ ಹುಬ್ಬಿನ ಬಳಿ ಗಾಯಗೊಂಡಿದ್ದ ಬಾಲಕನೊಬ್ಬನ ಲಕ್ಷಣಗಳನ್ನು ಪರಿಶೀಲಿಸಿ, ಮಿದುಳಿನ ಮುಂಭಾಗದ ಇಂಥ ಸ್ಥಳದಲ್ಲಿ ಕೀವುಗಡ್ಡೆಯಿದೆಯೆಂದು ಅವನು ಊಹಿಸಿದನು. ಶಸ್ತ್ರಕ್ರಿಯೆಗೆ ಅನುಮತಿ ದೊರೆಯಲಿಲ್ಲ. ಬಾಲಕ ತೀರಿಕೊಂಡ ಮೇಲೆ ಪರೀಕ್ಷಿಸಲಾಗಿ, ಗಡ್ಡೆಯು ಅವನು ಹೇಳಿದ ಸ್ಥಳದಲ್ಲಿಯೇ ಇದ್ದಿತು. ಅರಿವು ಸರಿಯಾಗಿದ್ದೂ ಕಾಲ ಮೀರಿದ ಈ ಸಂದರ್ಭ ನಮ್ಮ ವಿಷಯಕ್ಕೆ ಹತ್ತಿರವಾದುದು. ೧೮೯೩ರಲ್ಲಿ ಅದೇ ಮ್ಯಾಕ್ಯೂವನ್ನನು ಮಿದುಳಿನ ಕೀವುರೋಗಗಳನ್ನು ಕುರಿತು ಮಹತ್ವದ ಗ್ರಂಥವನ್ನು ಪ್ರಕಟಿಸಿದನು. ೧೮೯೫ರಲ್ಲಿ ಕ್ಷಕಿರಣ, ೧೯೨೮ರಲ್ಲಿ ಪೆನಿಸಿಲಿನ್ನಿನ ಶೋಧ, ೧೯೪೧ರಿಂದ ರೋಗಿಗಳ ಮೇಲೆ ಅದರ ಪ್ರಯೋಗ, ೧೯೭೧ರಲ್ಲಿ ಮೊದಲ ಸಿ.ಟಿ. ಚಿತ್ರಣ ಹೀಗೆ ಒಂದೊಂದಾಗಿ ಸಾಧನಗಳು ಕೂಡಿಬಂದುವು. ಪ್ರತಿಜೀವಕಗಳಿಗೆ ಮುಂಚೆ ಕಣ್ಣಿನ ಗೂಡಿಗೆ ಸೋಂಕು ತಗುಲಿದ ರೋಗಿಗಳಲ್ಲಿ ನೂರಕ್ಕೆ ಸುಮಾರು ೧೭ ಮಂದಿ ಮೃತರಾಗುತ್ತಿದ್ದರೆಂದೂ ಸುಮಾರು ೨೦ ಮಂದಿ ದೃಷ್ಟಿಹೀನರಾಗುತ್ತಿದ್ದರೆಂದೂ ಆ ಕಾಲದ ವರದಿಗಳಿಂದ ತಿಳಿಯುತ್ತದೆ. ಇಂದು ಸಕಾಲದಲ್ಲಿ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಬಹುಪಾಲು ಪೂರ್ಣ ಗುಣ ಹೊಂದುವರು.

೪

ಇನ್ನು ನಮ್ಮ ಪ್ರದೇಶದ ಕಡೆಗೆ ದೃಷ್ಟಿ ಹರಿಸೋಣ. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ೧೮೫೮ರ ಬಂಡಾಯವನ್ನು ಕುರಿತು ನಮಗೆ ವಿವರಗಳು ಸಮೃದ್ಧವಾಗಿ ದೊರೆಯುತ್ತವೆ. ಸುರೇಬಾನದಲ್ಲಿ ಮ್ಯಾನ್ಸನ್ ಹತನಾದದ್ದು ಮೇ ತಿಂಗಳಿನಲ್ಲಿ, ಭಾಸ್ಕರರಾಯನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು ಜೂನ್ ತಿಂಗಳಿನಲ್ಲಿ ಎಂಬುದನ್ನು ಶಾಲೆಯ ಬಾಲಕನೂ ಬಲ್ಲನು. ಆದರೆ ಅದೇ ವರ್ಷ ಅದೇ ಊರಿನಲ್ಲಿ ಎಷ್ಟು ಮಕ್ಕಳು ಯಾವ ಬೇನೆಯಿಂದ ತೀರಿಕೊಂಡರೆಂಬುದನ್ನು ಯಾರೂ ಹೇಳಲಾರರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಇಲಾಖೆಯ ಇತರ ಜಿಲ್ಲೆಗಳಲ್ಲಿರುವಂತೆ ಧಾರವಾಡ ಜಿಲ್ಲೆಯಲ್ಲಿಯೂ ಮರಣಗಳನ್ನು ಬರೆದಿಡುವ ಪದ್ಧತಿ ಜಾರಿಗೆ ಬಂದಿತು. ಬರೆಯುತ್ತಿದ್ದವರು ಗ್ರಾಮದ ಅಧಿಕಾರಿಗಳೇ ಹೊರತು ವೈದ್ಯರಲ್ಲ. ಕಾಲರಾ, ಸಿಡುಬು, ಜ್ವರ, ಹೊಟ್ಟೆಬೇನೆ, ಅಪಘಾತ, ಇತರ ಎಂಬಂಥ ಕೆಲವೇ ಶೀರ್ಷಿಕೆಗಳು ಅವರ ಮುಂದಿದ್ದುವು. ಸೈನಸ್ಸಿನಿಂದ ಸೋಂಕು ಮಿದುಳಿಗೇರಿ ಮಡಿದ ಮಗುವಿನ ಮೈ ಕಾದಿರುವುದು ನಿಶ್ಚಯ. ಆದುದರಿಂದ ಅದು ಜ್ವರದ ಶೀರ್ಷಿಕೆಯಡಿಯಲ್ಲಿ ಸೇರಿಹೋಗಿರುವುದು ಸಹಜ. ಜ್ವರವೆಂಬ ಆ ಒಂದು ಶಬ್ದದಲ್ಲಿ ಮಲೇರಿಯಾ, ವಿಷಮಶೀತಜ್ವರ, ಪುಪ್ಪುಸದ ಉರಿಯೂತ, ಮಿದುಳುಪೊರೆಯ ಉರಿಯೂತ ಎಲ್ಲವೂ ಅಡಗಿಹೋದುವು. ೧೯೧೮ರ ಇನ್‌ಫ್ಲುಯೆಂಜಾದಂಥ ಮಹಾಮಾರಿಯ ಮರಣಗಳು ಸಹ ಭಾರತದಲ್ಲಿ ಬಹುಮಟ್ಟಿಗೆ ಜ್ವರದ ಲೆಕ್ಕದಲ್ಲಿಯೇ ಸೇರಿದ್ದುವೆಂಬುದನ್ನು ನೆನೆದರೆ, ಅಪರೂಪದ ರೋಗವೊಂದು ಕಾಣದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಶೀರ್ಷಿಕೆಯಿಲ್ಲದ ರೋಗಕ್ಕೆ ಇತಿಹಾಸವೂ ಇರುವುದಿಲ್ಲ.

ದಾಖಲೆಯ ಶೀರ್ಷಿಕೆಗಳಂತೆಯೇ ಮನೆಯಲ್ಲಿ ಬಳಸುವ ಶೀರ್ಷಿಕೆಗಳೂ ಇವೆ. ಮಗುವಿನ ರೆಪ್ಪೆ ಕೆಂಪೇರಿ ಊದಿದರೆ ಕಣ್ಣು ಬಂದಿದೆ ಎನ್ನುವರು. ಇಲ್ಲವೆ ರಾತ್ರಿ ಏನೋ ಹುಳ ಕಡಿದಿದೆ ಎನ್ನುವರು. ಅದೂ ಅಲ್ಲವಾದರೆ ದೃಷ್ಟಿ ತಾಗಿದೆಯೆಂದು ನಿವಾಳಿಸುವರು. ಸೆಳವು ಬಂದರೆ ಗಾಳಿ ಸೋಕಿತೆನ್ನುವುದುಂಟು. ಉತ್ತರ ಕರ್ನಾಟಕದ ಕೆಲವೆಡೆ ಮಕ್ಕಳಿಗೆ ಬರೆ ಹಾಕುವ ರೂಢಿಯೂ ಇದ್ದಿತು, ಅದು ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಹೀಗೆನ್ನುವ ತಾಯಂದಿರನ್ನು ಆಕ್ಷೇಪಿಸುವುದು ನಮ್ಮ ಅಭಿಪ್ರಾಯವಲ್ಲ. ಹತ್ತರಲ್ಲಿ ಒಂಬತ್ತು ಸಲ ಕೆಂಪಾದ ಕಣ್ಣು ನಿಜವಾಗಿಯೂ ಬಂದ ಕಣ್ಣೇ ಆಗಿರಬಹುದು. ಆದರೆ ಹೆಸರಿಟ್ಟೊಡನೆ ವಿಚಾರ ನಿಂತುಬಿಡುವುದು, ಅಪಾಯವಿರುವುದು ಅಲ್ಲಿಯೇ. ಗ್ರಾಮಾಧಿಕಾರಿಯ ಪಟ್ಟಿಯಲ್ಲಿ ಜ್ವರವೆಂಬುದು ಮಾಡಿದ ಕೆಲಸವನ್ನೇ ಮನೆಯಲ್ಲಿ ಈ ಶಬ್ದಗಳು ಮಾಡುವುವು.

೫

ಹಾಗಾದರೆ ಯಾವ ನೆಗಡಿಯನ್ನು ಸಾಮಾನ್ಯವೆಂದು ಬಿಡಬಹುದು, ಯಾವುದನ್ನು ಬಿಡಲಾಗದು? ಸಿಂಬಳ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಭಯಪಡಬೇಕಾಗಿಲ್ಲ. ಸಾಮಾನ್ಯ ನೆಗಡಿಯಲ್ಲಿಯೂ ಬಣ್ಣ ಬದಲಾಗುತ್ತದೆ. ವೈದ್ಯಶಾಸ್ತ್ರಜ್ಞರು ಮೂರು ಸಂದರ್ಭಗಳಲ್ಲಿ ಸೈನಸ್ಸಿನ ಸೋಂಕನ್ನು ಶಂಕಿಸುವರು. ಹತ್ತು ದಿನ ಕಳೆದರೂ ಸಿಂಬಳ ಅಥವಾ ಹಗಲಿನ ಕೆಮ್ಮು ಇಳಿಮುಖವಾಗದಿರುವುದು ಒಂದು. ಗುಣವಾಗುತ್ತ ಬಂದ ಮಗುವಿಗೆ ಮತ್ತೆ ಜ್ವರವೇರಿ ನೆಗಡಿ ಉಲ್ಬಣಿಸುವುದು ಎರಡು. ಆರಂಭದಿಂದಲೇ ೩೯ ಡಿಗ್ರಿ ಸೆಲ್ಸಿಯಸ್, ಎಂದರೆ ೧೦೨ ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರವೂ ಕೀವಿನಂಥ ಸಿಂಬಳವೂ ಕೂಡಿ ಮೂರು ದಿನ ಎಡೆಬಿಡದೆ ಇರುವುದು ಮೂರು. ಇಂಥ ಮಗುವನ್ನು ವೈದ್ಯರಿಗೆ ತೋರಿಸತಕ್ಕದ್ದು. ಉಳಿದ ನೆಗಡಿಗೆ ಪ್ರತಿಜೀವಕ ಬೇಕಾಗಿಲ್ಲ. ಅಂಗಡಿಯಿಂದ ತಾವೇ ಗುಳಿಗೆ ತಂದು ಎರಡು ದಿನ ನುಂಗಿಸಿ ನಿಲ್ಲಿಸುವುದರಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವುವು. ಹಸುಗೂಸಿನ ಮೂಗಿಗೆ ಎಣ್ಣೆ ಬಿಡುವ ರೂಢಿಯೂ ಹಿತವಲ್ಲ. ಎಣ್ಣೆಯು ಶ್ವಾಸಕೋಶಕ್ಕಿಳಿದು ಬೇರೊಂದು ರೋಗವನ್ನು ಹುಟ್ಟಿಸಬಲ್ಲದು.

ಇದಕ್ಕೂ ಮುಂದಿನದು ತುರ್ತಿನ ಪರಿಸ್ಥಿತಿ. ಕಣ್ಣಿಗೆ ಸಂಬಂಧಿಸಿದ ವಿಷಮಾವಸ್ಥೆಗಳನ್ನು ೧೯೭೦ರಲ್ಲಿ ಅಮೆರಿಕೆಯ ಚಾಂಡ್ಲರ್ ಮತ್ತು ಅವರ ಸಂಗಡಿಗರು ಐದು ಬಗೆಯಾಗಿ ವಿಂಗಡಿಸಿದರು: ರೆಪ್ಪೆಯ ಊತ, ಕಣ್ಣಿನ ಗೂಡಿನೊಳಗಿನ ಉರಿಯೂತ, ಎಲುಬಿನ ಪೊರೆಯಡಿಯ ಕೀವು, ಗೂಡಿನೊಳಗೇ ಕಟ್ಟಿದ ಕೀವು, ಮತ್ತು ಮಿದುಳಿನ ತಳದಲ್ಲಿರುವ ಕ್ಯಾವರ್ನಸ್ ಎಂಬ ಸಿರಾಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು. ನೆಗಡಿಯಿರುವ ಮಗುವಿನ ಒಂದು ಕಣ್ಣಿನ ಸುತ್ತ ಊತವೆದ್ದು, ಕಣ್ಣುಗುಡ್ಡೆ ಮುಂದಕ್ಕೆ ಬಂದು, ಅತ್ತಿತ್ತ ಹೊರಳಿಸಿದರೆ ನೋವಾಗುತ್ತಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ ಅಥವಾ ದೃಷ್ಟಿ ಮಂದವಾದರೆ, ರೋಗವು ರೆಪ್ಪೆಯನ್ನು ದಾಟಿ ಒಳಗೆ ಹೋಗಿದೆಯೆಂದೇ ಭಾವಿಸಬೇಕು.

ಮಿದುಳಿನ ಕಡೆಗೆ ಸಾಗಿದ ಸೋಂಕು ಹೊದಿಕೆಗಳ ನಡುವೆ ಕೀವಾಗಿ, ಮಿದುಳುಪೊರೆಯ ಉರಿಯೂತವಾಗಿ, ಇಲ್ಲವೆ ಮಿದುಳಿನೊಳಗಿನ ಕೀವುಗಡ್ಡೆಯಾಗಿ ತೋರಬಹುದು. ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಕತ್ತಿನ ಬಿಗಿತ, ಹಣೆಯ ಮೇಲೆ ಮೆತ್ತನೆಯ ಊತ, ಸೆಳವು, ಕೈಕಾಲಿನಲ್ಲಿ ಬಲಹೀನತೆ, ಮಂಪರು, ಸ್ವಭಾವದಲ್ಲಿ ಬದಲಾವಣೆ ಇವು ಅದರ ಲಕ್ಷಣಗಳು. ಆರಂಭದಲ್ಲಿ ಬರೀ ತಲೆನೋವು ಮತ್ತು ಜ್ವರವಿದ್ದು, ಬೇರಾವ ಚಿಹ್ನೆಯೂ ಇಲ್ಲದಿರುವುದುಂಟು. ಚುರುಕಾಗಿದ್ದ ವಿದ್ಯಾರ್ಥಿಯೊಬ್ಬನು ನೆಗಡಿಯ ಬಳಿಕ ತರಗತಿಯಲ್ಲಿ ತೂಕಡಿಸತೊಡಗಿದರೆ ಅದನ್ನು ಆಲಸ್ಯವೆಂದು ಗದರಿಸುವ ಮುನ್ನ ಅಧ್ಯಾಪಕರು ಒಂದು ಕ್ಷಣ ಯೋಚಿಸುವುದು ಉಚಿತ.

ಇಂಥ ಮಗುವಿಗೆ ಬೇಕಾದುದು ಆಸ್ಪತ್ರೆಯ ವಾಸ, ರಕ್ತನಾಳದ ಮೂಲಕ ಕೊಡುವ ಪ್ರತಿಜೀವಕ, ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರಣ, ಮತ್ತು ಅವಶ್ಯವಿದ್ದಲ್ಲಿ ಕೀವನ್ನು ಹೊರತೆಗೆಯುವ ಶಸ್ತ್ರಕ್ರಿಯೆ. ಕಿವಿ-ಮೂಗು-ಗಂಟಲಿನ ತಜ್ಞರು, ನೇತ್ರತಜ್ಞರು, ಮಕ್ಕಳ ವೈದ್ಯರು, ಕೆಲವೊಮ್ಮೆ ಮಿದುಳಿನ ಶಸ್ತ್ರವೈದ್ಯರು ಕೂಡಿ ನೋಡಬೇಕಾದ ರೋಗವಿದು.

೬

ಇಲ್ಲಿಯೇ ಭೂಗೋಳದ ಪ್ರಶ್ನೆ ಎದುರಾಗುತ್ತದೆ. ಗಜೇಂದ್ರಗಡದಿಂದ ಗದಗಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು, ಹುಬ್ಬಳ್ಳಿಗೆ ನೂರಕ್ಕೂ ಹೆಚ್ಚು ದೂರ. ೧೮೮೪ರಲ್ಲಿ ಬಂದ ಗದಗ–ಹೊಟಗಿ ರೈಲುಮಾರ್ಗವು ಹೊಳೆಆಲೂರನ್ನು ಮುಟ್ಟಿತೇ ಹೊರತು ರೋಣ, ನರಗುಂದ, ಗಜೇಂದ್ರಗಡ ಪಟ್ಟಣಗಳನ್ನು ಮುಟ್ಟಲಿಲ್ಲ. ಮಳೆಗಾಲದಲ್ಲಿ ಎರೆಯ ನೆಲದ ಕಚ್ಚಾ ಹಾದಿಯಲ್ಲಿ ಚಕ್ಕಡಿ ಹೂತುಹೋಗುತ್ತಿದ್ದ ಕಾಲದಲ್ಲಿ ಬೆಟಗೇರಿಯ ಬಾಸೆಲ್ ಮಿಶನ್ ಆಸ್ಪತ್ರೆಯನ್ನು ತಲುಪುವುದೇ ಒಂದು ಪ್ರಯಾಣವಾಗಿದ್ದಿತು. ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಈ ಭಾಗದ ಜನಕ್ಕೆ ದೊಡ್ಡ ಆಸ್ಪತ್ರೆಯೊಂದು ಕೈಗೆಟುಕಿತು. ಕಿಮ್ಸ್ ಎಂಬ ಹೆಸರಿನಿಂದ ಜನ ಇಂದಿಗೂ ಅದನ್ನು ಕರೆಯುವರು. ೧೯೯೭ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ತರುವಾಯ ಅಲ್ಲಿಯೂ ಸರಕಾರಿ ವೈದ್ಯಕೀಯ ಕಾಲೇಜು ಬಂದಿತು. ೨೦೦೮ರ ನವೆಂಬರಿನಿಂದ ೧೦೮ ಸಂಖ್ಯೆಯ ವಾಹನ ಸೇವೆ ನಡೆದುಬಂದಿದೆ. ಚಕ್ಕಡಿಯ ಕಾಲದ ಅಂತರವನ್ನು ಇಂದು ಗಂಟೆಗಳಲ್ಲಿ ಎಣಿಸಬಹುದು. ಆದುದರಿಂದ ಹಾದಿಯಲ್ಲಿ ಕಳೆಯುವ ಹೊತ್ತಿಗಿಂತ ಹೊರಡಬೇಕೆಂದು ನಿಶ್ಚಯಿಸುವ ಮುನ್ನ ಮನೆಯಲ್ಲಿ ಕಳೆಯುವ ದಿನಗಳೇ ಈಗ ಹೆಚ್ಚು ಅಪಾಯಕಾರಿಯಾಗಿವೆಯೆಂದು ನಮಗೆ ತೋರುತ್ತದೆ.

ರೋಗವನ್ನು ತಡೆಯುವ ಉಪಾಯಗಳೂ ಬಂದಿವೆ. ಈ ಸೋಂಕುಗಳಿಗೆ ಕಾರಣವಾದ ಮುಖ್ಯ ರೋಗಾಣುಗಳಲ್ಲಿ ಎರಡರ ವಿರುದ್ಧ ಲಸಿಕೆಗಳು ಇಂದು ಸರಕಾರದ ಉಚಿತ ಲಸಿಕಾ ಕಾರ್ಯಕ್ರಮದಲ್ಲಿವೆ. ಹಿಮೋಫಿಲಸ್ ಇನ್‌ಫ್ಲುಯೆಂಜೆಯ ಬಿ ಬಗೆಯನ್ನು ತಡೆಯುವ ಪಂಚಸಂಯೋಜಿತ ಲಸಿಕೆಯು ೨೦೧೧ರ ಡಿಸೆಂಬರಿನಲ್ಲಿ ಕೇರಳ, ತಮಿಳುನಾಡುಗಳಲ್ಲಿ ಆರಂಭವಾಗಿ ಬಳಿಕ ಕರ್ನಾಟಕಕ್ಕೂ ಬಂದಿತು. ನ್ಯೂಮೊಕಾಕಸ್ ರೋಗಾಣುವಿನ ಲಸಿಕೆಯು ೨೦೧೭ರಲ್ಲಿ ಕೆಲವು ರಾಜ್ಯಗಳಲ್ಲಿ ಪ್ರಾರಂಭವಾಗಿ ೨೦೨೧ರಲ್ಲಿ ದೇಶಾದ್ಯಂತ ವಿಸ್ತರಿಸಿತು. ಆದರೆ ಮಿದುಳಿಗೇರುವ ಸೋಂಕಿಗೆ ಹಲವೊಮ್ಮೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಆಂಜಿನೋಸಸ್ ಗುಂಪಿನ ರೋಗಾಣುಗಳಿಗೆ ಲಸಿಕೆಯಿಲ್ಲ. ಅಲ್ಲಿ ಎಚ್ಚರವೊಂದೇ ಉಪಾಯ.

೨೦೨೧ರಲ್ಲಿ ಕೊರೋನಾದ ಎರಡನೆಯ ಅಲೆಯ ಸಂಗಡ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ, ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹಾದಿಯಿದೆಯೆಂಬ ಸಂಗತಿ ನಾಡಿನ ಜನರಿಗೆಲ್ಲ ತಿಳಿಯಿತು. ಅದು ಬೇರೆ ರೋಗ. ಹೆಚ್ಚಾಗಿ ಮಧುಮೇಹವಿದ್ದ ವಯಸ್ಕರನ್ನು ಹಿಡಿದುದು. ಆದರೆ ಹಾದಿ ಅದೇ. ಆಗ ಕಲಿತುದನ್ನು ಮಕ್ಕಳ ವಿಷಯದಲ್ಲಿಯೂ ನೆನಪಿನಲ್ಲಿರಿಸಿಕೊಳ್ಳುವುದು ಲೇಸು.

ಕೊನೆಯದಾಗಿ ನಮ್ಮ ಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಮಾತು. ೧೯೬೯ರ ಜನನ-ಮರಣ ನೋಂದಣಿ ಕಾಯಿದೆಯ ಅನಂತರ ಮರಣದ ಕಾರಣವನ್ನು ವೈದ್ಯರಿಂದ ಪ್ರಮಾಣೀಕರಿಸುವ ವ್ಯವಸ್ಥೆ ಬೆಳೆದಿದೆ. ಆದರೆ ಮನೆಯಲ್ಲಿಯೇ ಸಂಭವಿಸಿದ ಅನೇಕ ಮರಣಗಳಿಗೆ ಅದು ಇನ್ನೂ ತಲುಪಿಲ್ಲ. ತಾಲೂಕು ಕಚೇರಿಗಳಲ್ಲಿಯೂ ಹಳೆಯ ದವಾಖಾನೆಗಳಲ್ಲಿಯೂ ಉಳಿದಿರಬಹುದಾದ ದಫ್ತರಗಳನ್ನು ಗೆದ್ದಲಿಗೆ ಬಿಡದೆ ಸಂರಕ್ಷಿಸಿದರೆ, ಜ್ವರವೆಂಬ ಒಂದೇ ಶಬ್ದದಡಿ ಅಡಗಿದ ನಾನಾ ಬೇನೆಗಳನ್ನು ಬೇರ್ಪಡಿಸುವ ಯತ್ನವನ್ನಾದರೂ ಮುಂದಿನ ಸಂಶೋಧಕರು ಮಾಡಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ಮೂರು ತಾಲೂಕುಗಳ ಹಳ್ಳಿಗಳಿಂದ ಬಂದವರು. ಕೋಟೆ, ದೇಗುಲ, ಶಾಸನಗಳ ಜೊತೆಗೆ ಈ ದಫ್ತರಗಳನ್ನೂ ಅವರು ತಮ್ಮ ಕ್ಷೇತ್ರಕಾರ್ಯದಲ್ಲಿ ಸೇರಿಸಿಕೊಳ್ಳಬೇಕು. ಹಿಂದೆ ಮಡಿದ ಮಕ್ಕಳ ಬೇನೆಯ ಹೆಸರನ್ನು ನಾವು ಊಹಿಸಬಲ್ಲೆವೇ ವಿನಾ ನಿರ್ಧರಿಸಲಾರೆವು. ಇಂದು ನೆಗಡಿಯ ಬಳಿಕ ಕಣ್ಣು ಊದಿಸಿಕೊಂಡು ತರಗತಿಗೆ ಬರುವ ಬಾಲಕನ ವಿಷಯ ಹಾಗಲ್ಲ. ಅದು ಬಂದ ಕಣ್ಣೋ ಬೇರೆಯೋ ಎಂಬುದನ್ನು ಅದೇ ದಿನ ವೈದ್ಯರ ಬಳಿ ಕೇಳಿ ತಿಳಿಯಬಹುದು, ತಿಳಿಯಬೇಕು.